‘ಶುದ್ಧ, ಸಾವಯವ, ಉತ್ತಮ ಗುಣಮಟ್ಟ’ ಎಂದರೆ ಬೆಲ್ಲ ಮಾರಾಟವಾಗುವುದಿಲ್ಲ

ಅಣ್ಣ, ನಿನ್ನೆ ನೀವು ನಮ್ಮ ಕಬ್ಬು ಬೆಳೆಗಾರರ ಗುಂಪಿನಲ್ಲಿ ಹಾಕಿದ ಬೆಲ್ಲದ ಪೋಸ್ಟರ್ ನೋಡಿದೆ. ‘ಶುದ್ಧ, ಸಾವಯವ, ಉತ್ತಮ ಗುಣಮಟ್ಟದ ಬೆಲ್ಲ. ಒಮ್ಮೆ ಬಳಸಿ ನೋಡಿ’ ಎಂದು ತಲೆಬರಹ ಕೊಟ್ಟಿದ್ದೀರಿ, ಯಾರೂ ಕರೆ ಮಾಡುತ್ತಿಲ್ಲವೆಂದು ಬೇಸರವನ್ನೂ ಹೇಳಿಕೊಂಡಿದ್ದೀರಿ. ಆಲೆಮನೆ ಬೆಲ್ಲ ಮಾರಲು ಶುರುಮಾಡಿದಾಗ ನಾನೂ ಇದನ್ನೇ ಬರೆದಿದ್ದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಪೋಸ್ಟರಿನ ಕೆಳಗೆ ಹೆಬ್ಬೆರಳಿನ ಮೆಚ್ಚುಗೆ ಗುರುತು ಒತ್ತಿದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಅವರೆಲ್ಲ ನಮ್ಮ ಹಾಗೆ ಕಬ್ಬು ಬೆಳೆಯುವವರು, ಬೆಲ್ಲ ಕೊಳ್ಳುವವರಲ್ಲ.

ಆ ಸಾಲಿನಲ್ಲಿ ‘ಬೆಲ್ಲ’ ತೆಗೆದು ‘ತುಪ್ಪ’ ಎಂದು ಹಾಕಿದರೂ ನಡೆಯುತ್ತದೆ, ‘ಅರಿಶಿನ ಪುಡಿ’ ಎಂದು ಹಾಕಿದರೂ ನಡೆಯುತ್ತದೆ. ಹಾಗಾದರೆ ನಿಮ್ಮ ಬೆಲ್ಲದ ವಿಷಯ ಅದರಲ್ಲಿ ಎಲ್ಲಿದೆ?

ನಾನು ನಂಬಿರುವುದು ಒಂದೇ ವಿಧಾನ. ಕೊಳ್ಳುವವರು ಫೋನಿನಲ್ಲಿ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದಿಡಿ, ತಿದ್ದಬೇಡಿ. ‘ಯಾಕೆ ಇಷ್ಟು ಕಪ್ಪಗಿದೆ?’ ‘ಪಾಯಸಕ್ಕೆ ಹಾಕಿದರೆ ಹಾಲು ಒಡೆಯುತ್ತದೆಯೇ?’ ‘ಮಳೆಗಾಲದಲ್ಲಿ ನೀರು ಬಿಡುತ್ತದೆಯೇ?’ ‘ಮರಳು ಸಿಗುವುದಿಲ್ಲ ತಾನೇ?’ ಮತ್ತೆ ಮತ್ತೆ ಬರುವ ಪ್ರಶ್ನೆಗೆ ಕೊಡುವ ನೇರ ಉತ್ತರವೇ ತಲೆಬರಹ. ನನ್ನಲ್ಲಿ ಬಣ್ಣದ ಪ್ರಶ್ನೆಯೇ ಹೆಚ್ಚು. ಅಂಗಡಿಯ ಹಳದಿ ಬೆಲ್ಲ ನೋಡಿದ ಕಣ್ಣಿಗೆ ನಮ್ಮ ಕಂದು ಅಚ್ಚು ಹಳೆಯ ಸರಕಿನಂತೆ ಕಾಣುತ್ತದೆ. ಅದಕ್ಕೆ, ‘ಹೈಡ್ರೋಸ್ ಹಾಕಿಲ್ಲ, ಆದ್ದರಿಂದ ಈ ಬೆಲ್ಲ ಕಂದು’ ಎಂದು ಬರೆದೆ. ಹೈಡ್ರೋಸ್ ಎಂದರೆ ಬೆಲ್ಲದ ಬಣ್ಣ ತಿಳಿಯಾಗಿಸಲು ಹಾಕುವ ರಾಸಾಯನಿಕ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ‘ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಬೆಂಡೆ ಗಿಡದ ಲೋಳೆ ಬಿಟ್ಟು, ಮೇಲೆ ಬಂದ ಕೊಳೆಯನ್ನು ತೆಗೆಯುತ್ತೇವೆ’ ಎಂದು ಸೇರಿಸಿದೆ. ಆಮೇಲೆ ಕರೆ ಮಾಡಿದವರು ‘ಆ ಕಂದು ಬೆಲ್ಲ ಇದೆಯೇ?’ ಎಂದೇ ಮಾತು ಶುರುಮಾಡತೊಡಗಿದರು. ಅವರು ದೋಷವೆಂದು ತಿಳಿದದ್ದನ್ನು ಮುಚ್ಚಿಡದೆ ಮುಂದಿಟ್ಟದ್ದರಿಂದ ಇದು ಕೆಲಸ ಮಾಡಿತು.

ದೊಡ್ಡವರೂ ತಲೆಬರಹವನ್ನು ಹುಡುಕಿಯೇ ತೆಗೆದಿದ್ದಾರೆ. 1958ರಲ್ಲಿ ಹೆಸರಾಂತ ಜಾಹೀರಾತು ಬರಹಗಾರ ಡೇವಿಡ್ ಓಗಿಲ್ವಿ ರೋಲ್ಸ್ ರಾಯ್ಸ್ ಕಾರಿಗೆ ಬರೆದ ಜಾಹೀರಾತಿನಲ್ಲಿ ‘ಐಷಾರಾಮಿ’, ‘ಅತ್ಯುತ್ತಮ’ ಎಂದು ಹೊಗಳುವ ತಲೆಬರಹವಿಲ್ಲ. ಗಂಟೆಗೆ 60 ಮೈಲಿ ವೇಗದಲ್ಲಿ ಓಡುವಾಗಲೂ ಒಳಗೆ ಕೇಳುವ ಅತಿ ದೊಡ್ಡ ಸದ್ದು ವಿದ್ಯುತ್ ಗಡಿಯಾರದ್ದು ಎಂದಷ್ಟೇ ಇದೆ. ಕಾರಿನ ಬಗ್ಗೆ ಬಂದಿದ್ದ ಬರಹಗಳನ್ನೆಲ್ಲ ಓದುವಾಗ ಅವರಿಗೆ ಸಿಕ್ಕಿದ ಸಂಗತಿ ಅದು.

ಆದರೆ ನನ್ನ ಸಾಲನ್ನು ಹಾಗೆಯೇ ನಕಲು ಮಾಡಬೇಡಿ. ಚಿಟಿಕೆ ಹೈಡ್ರೋಸ್ ಹಾಕಿದ್ದರೂ ಅದು ಸುಳ್ಳು. ಕಂದು ಬಣ್ಣವೊಂದೇ ಪರಿಶುದ್ಧತೆಗೆ ಸಾಕ್ಷಿಯೂ ಅಲ್ಲ. ತಳಿ, ಮಣ್ಣು, ಪಾಕ ಮಿತಿಮೀರಿ ಕಾಯುವುದು, ಇವುಗಳಿಂದಲೂ ಬಣ್ಣ ಗಾಢವಾಗುತ್ತದೆ. ‘ಹಾಲು ಒಡೆಯದ ಬೆಲ್ಲ’ ಎಂಬುದು ಇನ್ನೂ ಬಲವಾದ ತಲೆಬರಹ, ಆದರೆ ಪ್ರತಿ ಕೊಪ್ಪರಿಗೆಯ ಬೆಲ್ಲವನ್ನೂ ಹಾಲಿಗೆ ಹಾಕಿ ನೋಡುವ ತಾಳ್ಮೆ ಇದ್ದರೆ ಮಾತ್ರ ಬರೆಯಿರಿ. ಪಾಯಸವನ್ನು ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಬೆಲ್ಲ ಬೆರೆಸಬೇಕೆಂದೂ ತಿಳಿಸಿ. ‘ಸಾವಯವ’ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಿಸಿ ಅಂಗಡಿಗಳಿಗೆ ಕೊಡುವ ಯೋಚನೆ ಇದ್ದರೆ ಮೊದಲು ಸಾವಯವ ಎಂದು ದೃಢೀಕರಿಸುವ ಸರ್ಕಾರಿ ವ್ಯವಸ್ಥೆಗಳಾದ ಎನ್‌ಪಿಒಪಿ ಅಥವಾ ಪಿಜಿಎಸ್ ಇಂಡಿಯಾ ಪ್ರಮಾಣಪತ್ರದ ದಾರಿ ನೋಡಿ.

ಇನ್ನೊಬ್ಬರು ನಿಮ್ಮ ಪೋಸ್ಟರಿನ ಕೆಳಗೇ ‘ಸಕ್ಕರೆ ಕಾಯಿಲೆಗೆ ರಾಮಬಾಣ ಎಂದು ಹಾಕಿ’ ಎಂದು ಸಲಹೆ ಕೊಟ್ಟಿದ್ದಾರೆ. ದಯವಿಟ್ಟು ಬೇಡ! ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ನಂಬಿ ತಿಂದ ಯಾರದೋ ಮನೆಯ ಹಿರಿಯರಿಗೆ ತೊಂದರೆಯಾದರೆ ಹೊಣೆ ಯಾರದು? ಮಧುಮೇಹ ಗುಣಪಡಿಸುತ್ತದೆಂದು ಔಷಧದ ಹೆಸರಿನಲ್ಲಿ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯೇ ನಿಷೇಧಿಸಿದೆ. ಇಂಥ ಸಲಹೆಯನ್ನು ಗುಂಪಿನಲ್ಲಿ ಯಾರೂ ಕೊಡಬಾರದು.

ಹಬ್ಬಕ್ಕೆ ತಕ್ಕಂತೆ ಸಾಲು ಬದಲಿಸಿ. ಯುಗಾದಿಗೆ ಹೋಳಿಗೆಯ ಹೂರಣ, ಗೌರಿ ಗಣೇಶಕ್ಕೆ ಕಡುಬು, ಸಂಕ್ರಾಂತಿಗೆ ಎಳ್ಳು ಬೆಲ್ಲದ ಹೋಳು. ಎರಡು ಸಾಲುಗಳ ನಡುವೆ ಗೊಂದಲವಿದ್ದರೆ ಚಿತ್ರ, ಬೆಲೆ ಎರಡನ್ನೂ ಹಾಗೆಯೇ ಇಟ್ಟು, ಒಂದನ್ನು ಒಂದು ಗುಂಪಿಗೆ, ಮತ್ತೊಂದನ್ನು ಇನ್ನೊಂದು ಗುಂಪಿಗೆ ಹಾಕಿ. ಕರೆ ಮಾಡಿದವರಿಗೆ ‘ಪೋಸ್ಟರ್ ಎಲ್ಲಿ ನೋಡಿದಿರಿ?’ ಎಂದು ಕೇಳಿ. ಅಂಚಿನ ಹೂಬಳ್ಳಿ, ಮಿನುಗುವ ಅಕ್ಷರ ತೆಗೆದುಹಾಕಿ. ನಿಮ್ಮ ಪೋಸ್ಟರಿನಲ್ಲಿ ಒತ್ತಕ್ಷರಗಳು ಒಡೆದು ಹೋಗಿವೆ, ಅದನ್ನು ಮಾಡಿದ ಆ್ಯಪ್ ಬಿಟ್ಟುಬಿಡಿ. ಕ್ಯಾನ್ವಾ ಎಂಬ ವಿನ್ಯಾಸದ ಆ್ಯಪ್‌ನಲ್ಲಿ ಮಾಡಿದರೂ ಒಮ್ಮೆ ಅಕ್ಷರಗಳನ್ನು ಪರೀಕ್ಷಿಸಿ. ತಲೆಬರಹಕ್ಕೆ ‘ಬಾಲೂ ತಮ್ಮ’ ಎಂಬ ಕನ್ನಡ ಫಾಂಟ್ ನನಗೆ ಇಷ್ಟ, ದಪ್ಪಗೆ ದೂರಕ್ಕೂ ಕಾಣುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ ಬಂದಾಗ ಮೊದಲ ಕೆಲವು ಪದಗಳಷ್ಟೇ ಕಾಣುವುದರಿಂದ ‘ಸ್ನೇಹಿತರೇ ನಮಸ್ಕಾರ’ ಎಂದು ಆರಂಭಿಸದೆ ತಲೆಬರಹದಿಂದಲೇ ಆರಂಭಿಸಿ. ಫೋನ್ ಸಂಖ್ಯೆಯನ್ನು ಚಿತ್ರದೊಳಗೆ ಮಾತ್ರ ಬಿಡದೆ ಕೆಳಗೆ ಟೈಪ್ ಕೂಡ ಮಾಡಿ, ಅದನ್ನು ಒತ್ತಿ ಕರೆ ಮಾಡಬಹುದು. ಅಚ್ಚು ಎಷ್ಟು ಕಿಲೋದ್ದು, ಬೆಲೆ ಎಷ್ಟು ಎಂಬುದನ್ನೂ ಅಲ್ಲೇ ಬರೆಯಿರಿ. ಈಗಿನ ಪೋಸ್ಟರಿನಲ್ಲಿ ಅವೆರಡೂ ಇಲ್ಲ.