ಎಂಟು ಹಾಕುವಾಗ ಚಕ್ರ ನೋಡಬೇಡಿ

ಪ್ರಶ್ನೆ: ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಆಗಿ 30 ದಿನ ಕಳೆಯಿತು. ಮುಂದಿನ ವಾರ ಸ್ಕೂಟರ್, ಕಾರು ಎರಡಕ್ಕೂ ಟೆಸ್ಟ್ ಇದೆ. ರಸ್ತೆಯಲ್ಲಿ ಚೆನ್ನಾಗೇ ಓಡಿಸುತ್ತೇನೆ. ಜನ ಫೇಲ್ ಆಗುವುದು ಎಲ್ಲಿ?
– ಓದುಗರು, ತುಮಕೂರು

ಉತ್ತರ: ರಸ್ತೆಯಲ್ಲಿ ಚೆನ್ನಾಗಿ ಓಡಿಸುವವರೇ ಜಾಸ್ತಿ ಎಡವುವುದು! ಸ್ಕೂಟರಿನಲ್ಲಿ ಕೈಕೊಡುವುದು 8ರ ಆಕಾರದ ಟ್ರ್ಯಾಕ್. ಮುಂದಿನ ಚಕ್ರವನ್ನೇ ನೋಡುತ್ತಾ ಹೋದರೆ ತಿರುವಿನಲ್ಲಿ ಬ್ಯಾಲೆನ್ಸ್ ತಪ್ಪಿ ಕಾಲು ನೆಲಕ್ಕೆ ಬಂದೇ ಬರುತ್ತದೆ, ಅದಕ್ಕೇ ಕಣ್ಣು ಮುಂದೆ ತಿರುಗಬೇಕಾದ ಕಡೆ ಇರಲಿ, ಆಕ್ಸಿಲರೇಟರ್ ಒಂದೇ ಸಮ ಹಿಡಿದು ಹಿಂದಿನ ಬ್ರೇಕನ್ನು ಮಾತ್ರ ಹಗುರವಾಗಿ ಒತ್ತಿ. ಹೆಲ್ಮೆಟ್ ಮರೆತು ಬರುವವರೂ ಇದ್ದಾರೆ, ಅವರಿಗೆ ಏನು ಹೇಳೋಣ.

ಕಾರಿನಲ್ಲಿ ನಿಜವಾದ ಪರೀಕ್ಷೆ ಅಂದರೆ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವುದು. ಗಾಡಿ ಹಿಂದಕ್ಕೆ ಜಾರುತ್ತದೆ, ಗಾಬರಿಯಲ್ಲಿ ಕ್ಲಚ್ ಬಿಡುತ್ತೇವೆ, ಇಂಜಿನ್ ಆಫ್. ಹ್ಯಾಂಡ್‌ಬ್ರೇಕ್ ಎಳೆದಿಟ್ಟು ಕ್ಲಚ್ಚನ್ನು ನಿಧಾನಕ್ಕೆ ಬಿಡಿ. ಇಂಜಿನ್ ಸದ್ದು ಸ್ವಲ್ಪ ತಗ್ಗಿ ಬಾನೆಟ್ ಎದ್ದಂತಾಗುತ್ತದಲ್ಲ, ಆಗ ಆಕ್ಸಿಲರೇಟರ್ ಕೊಟ್ಟು ಬ್ರೇಕ್ ಇಳಿಸಿ. ಕನ್ನಡಿ ನೋಡುವಾಗ ಕತ್ತು ತಿರುಗಿಸಿಯೇ ನೋಡಿ, ನೀವು ನೋಡಿದ್ದು ಇನ್‌ಸ್ಪೆಕ್ಟರಿಗೂ ಕಾಣಬೇಕು ಅಲ್ವಾ? ಸೀಟ್‌ಬೆಲ್ಟ್, ಇಂಡಿಕೇಟರ್ ಹೇಳಬೇಕಾಗಿಲ್ಲ.

ಫೇಲಾದರೆ 7 ದಿನ ಬಿಟ್ಟು ಮತ್ತೆ ಹೋಗಬಹುದು. ಎಲ್‌ಎಲ್‌ಆರ್ 6 ತಿಂಗಳು ನಡೆಯುತ್ತದೆ, ಸುಮ್ನೆ ಏಜೆಂಟ್ ಹಿಂದೆ ಸುತ್ತಬೇಡಿ.