ಲೋಟದ ಐಸ್ ಬೇರೆ, ನೆಲದ ಮೇಲಿನ ಐಸ್ ಬೇರೆ

ಲೋಟದಲ್ಲಿ ತೇಲುವ ಐಸ್ ಕರಗಿದರೆ ನೀರು ಏರಲ್ಲ, ಹಾಗಿದ್ದಮೇಲೆ ಧ್ರುವದ ಮಂಜು ಕರಗಿದರೆ ಸಮುದ್ರ ಯಾಕೆ ಏರಬೇಕು ಅಂತ ಕೇಳಿದ್ದೀರಿ. ಲೋಟದ ವಿಷಯದಲ್ಲಿ ನೀವು ಹೇಳಿದ್ದು ಸರಿ. ಆರ್ಕ್ಟಿಕ್ ಸಮುದ್ರದ ಮೇಲೆ ತೇಲುವ ಮಂಜೂ ಹಾಗೇ. ಅದು ಕರಗಿದರೆ ನೀರಿನ ಮಟ್ಟ ಹೆಚ್ಚೇನೂ ಬದಲಾಗುವುದಿಲ್ಲ.

ಆದರೆ ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾದ ಮಂಜು ಬಹುಪಾಲು ನೆಲದ ಮೇಲೆ ಕೂತಿದೆ, ಕೆಲವು ಕಡೆ 3 ಕಿಲೋಮೀಟರ್‌ಗೂ ಜಾಸ್ತಿ ದಪ್ಪ. ನೀವೇ ಮಾಡಿ ನೋಡಿ. ಬಟ್ಟಲಿನ ನೀರಲ್ಲಿ ಒಂದು ಕಲ್ಲಿಡಿ, ಅದರ ತಲೆ ನೀರಿನ ಮೇಲಿರಲಿ. ಅಲ್ಲಿ ಐಸ್ ತುಂಡು ಇಟ್ಟು, ನೀರು ಎಲ್ಲಿದೆಯೋ ಅಲ್ಲಿಗೆ ಪೆನ್ನಿನಲ್ಲಿ ಗೆರೆ ಹಾಕಿ. ಐಸ್ ಕರಗಿ ಕಲ್ಲಿನಿಂದ ಇಳಿಯುತ್ತಿದ್ದ ಹಾಗೆ ಗೆರೆ ಮುಳುಗುತ್ತದೆ.

ಗ್ರೀನ್‌ಲ್ಯಾಂಡಿನ ಮಂಜು ಪೂರ್ತಿ ಕರಗಿದರೆ ಸಮುದ್ರ ಸುಮಾರು 7 ಮೀಟರ್ ಏರುತ್ತದೆ, ಅಂಟಾರ್ಕ್ಟಿಕಾದ್ದಾದರೆ ಸುಮಾರು 58 ಮೀಟರ್. ಅದು ನಾಳೆಯೇ ಆಗುವಂಥದ್ದಲ್ಲ, ನಿಜ. ಆದರೆ 1901ರಿಂದ 2018ರೊಳಗೇ ಸುಮಾರು 20 ಸೆಂಟಿಮೀಟರ್ ಏರಿಯಾಗಿದೆ. ನನಗೆ ಭಯ ಹುಟ್ಟಿಸುವುದು ಇದೇ. ಅದರಲ್ಲಿ ಒಂದು ಪಾಲು ಕರಗಿದ ನೀರೂ ಅಲ್ಲ, ಬಿಸಿಯಾಗಿ ಹಿಗ್ಗಿದ ಸಮುದ್ರದ್ದೇ ನೀರು.

ಹಾಗಂತ ತೇಲುವ ಮಂಜು ಹೋದರೆ ಹೋಗಲಿ ಅಂತ ಸುಮ್ನೆ ಬಿಡುವ ಹಾಗಿಲ್ಲ. ಬಿಳಿ ಮಂಜು ಬಿಸಿಲನ್ನು ವಾಪಸ್ ಕಳಿಸುತ್ತದೆ. ಅದು ಹೋದ ಜಾಗದಲ್ಲಿ ಕಪ್ಪು ನೀರು ಆ ಬಿಸಿಲನ್ನೆಲ್ಲ ಹೀರಿಕೊಂಡು ಇನ್ನಷ್ಟು ಕಾಯುತ್ತದೆ.