ಆಫೀಸಿಗೆ ಹೋಗುವ ಕಾರಿನಲ್ಲಿ ಪಿಸ್ತೂಲು ಇಡಬಹುದೇ?

ಪ್ರಶ್ನೆ: ನಾನು ಹಾಸನದವನು, ಈಗ ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ ಹತ್ತಿರ ಇದ್ದೇನೆ. ಗ್ರೀನ್ ಕಾರ್ಡ್ ಇದೆ. ಶಿಫ್ಟ್ ಮುಗಿಸಿ ರಾತ್ರಿ ಮೂರು ಗಂಟೆಗೆ ಒಬ್ಬನೇ ಮನೆಗೆ ಬರುತ್ತೇನೆ. ಹೋಗುವಾಗ ಎಚ್-1ಬಿ ವೀಸಾದ ಗೆಳೆಯನೊಬ್ಬ ನನ್ನ ಕಾರಿನಲ್ಲೇ ಬರುತ್ತಾನೆ. ಕಾರಿನಲ್ಲಿ ಪಿಸ್ತೂಲು ಇಟ್ಟುಕೊಳ್ಳೋಣ ಅಂದುಕೊಂಡಿದ್ದೇನೆ. ಆದರೆ ‘ಕಂಪನಿಯ ಜಾಗಕ್ಕೆ ಆಯುಧ ತಂದರೆ ಕೆಲಸದಿಂದ ತೆಗೆಯುತ್ತೇವೆ’ ಅಂತ ನಿಯಮ ಇದೆ. ಪಾರ್ಕಿಂಗ್ ಕೂಡ ಕಂಪನಿಯದೇ ಅಲ್ವಾ?

ಉತ್ತರ: ಪಾರ್ಕಿಂಗ್ ಕಂಪನಿಯದೇ, ಆದರೆ ಕಾರು ನಿಮ್ಮದು. ಟೆಕ್ಸಾಸ್ 2011ರಲ್ಲಿ ಮಾಡಿದ ಕಾನೂನು ನಿಂತಿರುವುದೇ ಇದರ ಮೇಲೆ. ಕಾನೂನುಬದ್ಧವಾಗಿ ಇಟ್ಟುಕೊಂಡ ಬಂದೂಕು ಬೀಗ ಹಾಕಿದ ನಿಮ್ಮ ಸ್ವಂತ ಕಾರಿನೊಳಗೆ ಇದ್ದರೆ, ನೌಕರರ ಪಾರ್ಕಿಂಗ್‌ನಲ್ಲಿ ಅದನ್ನು ಕಂಪನಿ ನಿಷೇಧಿಸುವಂತಿಲ್ಲ. ಆಫೀಸಿನ ಬಾಗಿಲು ದಾಟಿದರೆ ಮಾತ್ರ ಕಂಪನಿಯ ಮಾತೇ ನಡೆಯುತ್ತದೆ. ಕಂಪನಿ ಕೊಟ್ಟ ಕಾರಿಗೆ ಈ ರಕ್ಷಣೆ ಸಾಮಾನ್ಯವಾಗಿ ಸಿಗುವುದಿಲ್ಲ, ರಿಫೈನರಿ ಮತ್ತು ಕೆಮಿಕಲ್ ಕಾರ್ಖಾನೆಗಳಿಗೆ ಬೇರೆ ನಿಯಮ ಇದೆ.

ಇಂಥ ಕಾನೂನು ಸುಮ್ನೆ ಬಂದದ್ದಲ್ಲ. 2002ರಲ್ಲಿ ಪಕ್ಕದ ಒಕ್ಲಹೋಮಾದ ವ್ಯಾಲಿಯಂಟ್ ಎಂಬ ಊರಿನ ಕಾಗದದ ಕಾರ್ಖಾನೆಯೊಂದರಲ್ಲಿ ಪಾರ್ಕಿಂಗ್ ತಪಾಸಣೆ ನಡೆದು, ಕಾರುಗಳಲ್ಲಿ ಬಂದೂಕು ಸಿಕ್ಕಿದ ಕೆಲಸಗಾರರನ್ನು ಕೆಲಸದಿಂದ ತೆಗೆದರು. ಜನ ಸಿಟ್ಟಾದರು, 2004ರಲ್ಲಿ ಅಲ್ಲಿ ಕಾನೂನು ಬಂತು. ಕಂಪನಿಗಳು ಕೋರ್ಟಿಗೆ ಹೋದವು, 2009ರಲ್ಲಿ ಮೇಲ್ಮನವಿ ಕೋರ್ಟು ಕಾನೂನನ್ನೇ ಎತ್ತಿಹಿಡಿಯಿತು.

ಟೆಕ್ಸಾಸ್‌ನಲ್ಲಿ 2021ರಿಂದ ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಒಯ್ಯಬಹುದು. ಆದರೂ ಲೈಸೆನ್ಸ್ ಮಾಡಿಸಿಕೊಳ್ಳಿ. ದಾರಿಯಲ್ಲಿ ಶಾಲೆ ಸಿಗುತ್ತದೆ ಅಲ್ವಾ, ಶಾಲೆಯ ಸುತ್ತ 1,000 ಅಡಿಯೊಳಗೆ ಫೆಡರಲ್ ಕಾನೂನು, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ಕಾನೂನು, ಬೇರೆ. ರಾಜ್ಯದ ಲೈಸೆನ್ಸ್ ಇರಬೇಕು, ಇಲ್ಲದಿದ್ದರೆ ಗುಂಡು ತೆಗೆದು ಬೀಗದ ಪೆಟ್ಟಿಗೆಯಲ್ಲಿ ಇಟ್ಟಿರಬೇಕು. ಪೋಸ್ಟ್ ಆಫೀಸಿನ ಪಾರ್ಕಿಂಗ್‌ಗಂತೂ ತೆಗೆದುಕೊಂಡು ಹೋಗಲೇಬೇಡಿ, ಅದು ಫೆಡರಲ್ ಜಾಗ.

ನನಗೆ ನಿಜವಾಗಿ ಭಯ ನಿಮ್ಮ ಗೆಳೆಯನದು. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರ ಬಳಿ ಬಂದೂಕಾಗಲಿ ಗುಂಡಾಗಲಿ ಇರುವುದು ಫೆಡರಲ್ ಅಪರಾಧ, 15 ವರ್ಷದವರೆಗೆ ಜೈಲು. ಕೆಲವು ವಿನಾಯಿತಿ ಇವೆ, ಬೇಟೆಯ ಲೈಸೆನ್ಸ್ ಅದರಲ್ಲಿ ಒಂದು, ಆದರೆ ವಕೀಲರನ್ನು ಕೇಳದೆ ಅದನ್ನು ನೆಚ್ಚಿಕೊಳ್ಳಬಾರದು. ನಿಮ್ಮ ಪಿಸ್ತೂಲು ಅವನ ಕೈಗೆಟುಕುವ ಗ್ಲೋವ್ ಬಾಕ್ಸಿನಲ್ಲಿದ್ದು, ‘ಒಂಚೂರು ಹಿಡ್ಕೋ’ ಅಂತ ನೀವೇ ಒಮ್ಮೆ ಅವನ ಕೈಗೆ ಕೊಟ್ಟರೂ ಅವನ ಹತ್ತು ವರ್ಷದ ದುಡಿಮೆ, ವೀಸಾ, ಮನೆ ಎಲ್ಲಕ್ಕೂ ಕುತ್ತು ಬರಬಹುದು. ಅವನು ಜೊತೆಗಿರುವ ದಿನ ಪಿಸ್ತೂಲು ಮನೆಯಲ್ಲೇ ಇರಲಿ. ಉಳಿದ ದಿನ ಸೀಟಿಗೆ ಕೇಬಲ್‌ನಿಂದ ಕಟ್ಟಿದ ಉಕ್ಕಿನ ಪೆಟ್ಟಿಗೆಯಲ್ಲಿಡಿ. ಅಮೆರಿಕದಲ್ಲಿ ನಿಲ್ಲಿಸಿದ ಕಾರುಗಳಿಂದಲೇ ಬಂದೂಕು ಕಳವು ಜಾಸ್ತಿ. ಹಾಗೆ ಕದ್ದದ್ದು ಯಾರ ಕೈಗೆ ಹೋಗುತ್ತದೆ ಅಂತ ಯೋಚಿಸಿದರೆ ನನಗೆ ನಿದ್ದೆ ಬರುವುದಿಲ್ಲ.

ಪ್ರಶ್ನೆ: ನಾವು ವಿರಾಜಪೇಟೆಯ ಕೊಡವರು. ಮನೆಯ ಕೋವಿಗೆ ಲೈಸೆನ್ಸ್ ಬೇಕಿಲ್ಲ. ಹ್ಯೂಸ್ಟನ್‌ನಲ್ಲಿ ಎಚ್-1ಬಿ ಮೇಲಿರುವ ಮಗ ಗೆಳೆಯನ ಪಿಸ್ತೂಲು ಹಿಡಿದು ಫೋಟೊ ಕಳಿಸಿದ್ದಾನೆ. ತಪ್ಪೇ?

ಉತ್ತರ: ತಾಯಿ, ಕೊಡವರಿಗೂ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯವರಿಗೂ ಬ್ರಿಟಿಷರ ಕಾಲದಿಂದ ಬಂದಿರುವ ಆ ವಿನಾಯಿತಿ ನಮ್ಮ ದೇಶದ ಆಯುಧ ಕಾಯ್ದೆಗೆ ಮಾತ್ರ ಸಂಬಂಧಿಸಿದ್ದು. ಅದು 2029ರವರೆಗೆ ಇದೆ. ಕೈಲ್ ಪೊಳ್ದ್‌ ಹಬ್ಬದಲ್ಲಿ ಪೂಜೆ ಮಾಡಿದ ಕೋವಿಯ ಮೇಲಿನ ಪ್ರೀತಿ ನನಗೆ ಅರ್ಥವಾಗುತ್ತದೆ, ಆದರೆ ಆ ವಿನಾಯಿತಿ ಹ್ಯೂಸ್ಟನ್‌ನಲ್ಲಿ ಮಗನನ್ನು ಕಾಯುವುದಿಲ್ಲ. ಎಚ್-1ಬಿಯವರ ಬಗ್ಗೆ ಮೇಲೆ ಹೇಳಿದ ಕಾನೂನು ಅವನಿಗೂ ಅನ್ವಯಿಸುತ್ತದೆ. ಇವತ್ತೇ ಫೋನ್ ಮಾಡಿ, ಅಲ್ಲಿನ ವಲಸೆ ವಕೀಲರೊಬ್ಬರ ಹತ್ತಿರ ಮಾತಾಡಲು ಹೇಳಿ. ಅಲ್ಲಿಯವರೆಗೆ ಆ ಫೋಟೊ ಇನ್ನೆಲ್ಲೂ ಹಂಚುವುದು ಬೇಡ.